ವಿಟಮಿನ್ ಸಿ ಆಮದು: ಬಂದರಿಗೆ ಸರಕು ಬರುವ ಮುಂಚೆಯೇ ಮುಗಿಸಬೇಕಾದ ಕೆಲಸ

ಇಪ್ಪತ್ತೈದು ಕಿಲೋ ತೂಕದ ರಟ್ಟಿನ ಪೆಟ್ಟಿಗೆ, ಅದರೊಳಗೆ ಬಿಗಿಯಾಗಿ ಸೀಲ್ ಮಾಡಿದ ಚೀಲ, ಚೀಲದೊಳಗೆ ಸಕ್ಕರೆಯಂತೆ ಕಾಣುವ ಬಿಳಿಯ ಹರಳುಪುಡಿ. ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ನಮ್ಮ ಕಾರ್ಖಾನೆಗಳಿಗೆ ಬರುವುದು ಹೆಚ್ಚಾಗಿ ಈ ರೂಪದಲ್ಲೇ. ಆದರೆ ಇದೇ ಪುಡಿ ಜ್ಯೂಸ್ ಅಥವಾ ಬ್ರೆಡ್ ಕಾರ್ಖಾನೆಗೆ ಹೋದರೆ ಫುಡ್ ಅಡಿಟಿವ್ ಎನಿಸಿಕೊಳ್ಳುತ್ತದೆ, ಆರೋಗ್ಯ ಪೂರಕದ ಮಾತ್ರೆಗೆ ಹೋದರೆ ಪೋಷಕಾಂಶವಾಗುತ್ತದೆ, ಮೆಡಿಕಲ್ ಅಂಗಡಿಯಲ್ಲಿ ಸಿಗುವ 500 ಮಿ.ಗ್ರಾಂ. ಔಷಧಿ ಮಾತ್ರೆಗೆ ಹೋದರೆ ಔಷಧದ ಕಚ್ಚಾವಸ್ತುವಾಗುತ್ತದೆ. ಕಾನೂನು ನೋಡುವುದು ಪುಡಿಯನ್ನಲ್ಲ, ಅದರ ಬಳಕೆಯನ್ನು. ಆದ್ದರಿಂದ ದರ ಕೇಳುವ ಮೊದಲು ಬಳಕೆ ಯಾವುದೆಂದು ನಿರ್ಧರಿಸಿ ಬರೆದಿಟ್ಟುಕೊಳ್ಳುವುದೇ ಮೊದಲ ಹೆಜ್ಜೆ.

ಔಷಧಕ್ಕಾದರೆ ದಾರಿಯೇ ಬೇರೆ. ಅದಕ್ಕೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒದಿಂದ ನೋಂದಣಿ ಪ್ರಮಾಣಪತ್ರವೂ ಆಮದು ಲೈಸೆನ್ಸೂ ಬೇಕಾಗುತ್ತದೆ. ಈ ಲೇಖನ ಆಹಾರ ಮತ್ತು ಪೂರಕಗಳಿಗೆ ಸೀಮಿತ. ಆದರೂ ಒಂದು ಎಚ್ಚರಿಕೆ ಅಗತ್ಯ: ಪೆಟ್ಟಿಗೆಯ ಮೇಲೆ ಐಪಿ, ಬಿಪಿ ಅಥವಾ ಯುಎಸ್‌ಪಿ (ಭಾರತ, ಬ್ರಿಟನ್, ಅಮೆರಿಕದ ಔಷಧ ಗುಣಮಟ್ಟದ ಗುರುತುಗಳು) ಎಂದು ಅಚ್ಚಾಗಿದ್ದರೆ ಬಂದರಿನಲ್ಲಿ ‘ಇದು ಔಷಧವೇ?’ ಎಂಬ ಪ್ರಶ್ನೆ ಏಳುವುದು ಸಹಜ. 1945ರ ಔಷಧ ನಿಯಮಗಳ ಡಿ ಅನುಸೂಚಿಯು ಔಷಧೇತರ ಬಳಕೆಯ ವಸ್ತುಗಳಿಗೆ ವಿನಾಯಿತಿ ಕೊಡುತ್ತದೆಯಾದರೂ, ಸರಕು ಔಷಧಕ್ಕಲ್ಲ ಎಂದು ಆಮದುದಾರರೇ ದೃಢೀಕರಿಸಿಕೊಡಬೇಕು. ಎರಡೂ ಬಗೆಯ ಬಳಕೆಯಿರುವ ವಸ್ತುಗಳಿಗೆ ಬೇಕಾಗುವ ನಿರಾಕ್ಷೇಪಣಾ ಪತ್ರದ ವಿಚಾರವನ್ನು ಕಸ್ಟಮ್ಸ್ ಬ್ರೋಕರ್ (ಆಮದುದಾರರ ಪರವಾಗಿ ಸುಂಕದ ಕೆಲಸ ನೋಡಿಕೊಳ್ಳುವವರು) ಜೊತೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಹಡಗು ಹೊರಟ ಮೇಲೆ ಈ ಕಾಗದಕ್ಕೆ ಓಡಾಡಿದವರು ಡೆಮರೇಜ್, ಅಂದರೆ ಸರಕು ತಡವಾಗಿ ಬಿಡಿಸಿಕೊಂಡದ್ದಕ್ಕೆ ದಂಡಶುಲ್ಕ, ಕಟ್ಟಿಯೇ ಕಲಿತಿದ್ದಾರೆ.

ಇನ್ನು ಲೈಸೆನ್ಸುಗಳು. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಕೊಡುವ ಆಮದು-ರಫ್ತು ಕೋಡ್, ಅಂದರೆ ಐಇಸಿ, ಪ್ಯಾನ್ ಆಧಾರದ ಮೇಲೆ ಆನ್‌ಲೈನಿನಲ್ಲೇ ಸಿಗುತ್ತದೆ; ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ವಿವರಗಳನ್ನು ದೃಢೀಕರಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಆ ಬಳಿಕ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಎಂಬ ಲೈಸೆನ್ಸ್ ಜಾಲತಾಣದಲ್ಲಿ ಆಮದುದಾರರ ಕೇಂದ್ರ ಲೈಸೆನ್ಸಿಗೆ ಅರ್ಜಿ ಹಾಕಬೇಕು. ತಯಾರಿಕೆಯ ಲೈಸೆನ್ಸ್ ಇದೆಯಲ್ಲ ಎಂದು ಸುಮ್ಮನಿರುವಂತಿಲ್ಲ, ಆಮದಿಗೆ ಬೇರೆಯದೇ ಬೇಕು, ಮತ್ತು ಅದರಲ್ಲಿನ ವಿಳಾಸ ಐಇಸಿಯಲ್ಲಿರುವ ವಿಳಾಸಕ್ಕೆ ಹೊಂದಿಕೊಳ್ಳಬೇಕು. ವಿದೇಶಿ ವಿನಿಮಯ ವ್ಯವಹಾರ ನಡೆಸುವ ಬ್ಯಾಂಕಿನ ಗುರುತಾದ ಎಡಿ ಕೋಡನ್ನು ಕಸ್ಟಮ್ಸ್‌ನಲ್ಲಿ ನೋಂದಾಯಿಸುವ ಕೆಲಸವೂ ಇದೇ ಹಂತದ್ದು.

ಪೂರೈಕೆದಾರರ ಆಯ್ಕೆಯಲ್ಲಿ ಸ್ವಲ್ಪ ಚರಿತ್ರೆ ತಿಳಿದಿರುವುದು ಉಪಯೋಗಕ್ಕೆ ಬರುತ್ತದೆ. 1930ರ ದಶಕದಲ್ಲಿ ರಸಾಯನ ವಿಜ್ಞಾನಿ ಟಾಡಿಯಸ್ ರೈಖ್‌ಸ್ಟೈನ್ ರೂಪಿಸಿದ, ಗ್ಲೂಕೋಸಿನಿಂದ ಹೊರಡುವ ವಿಧಾನವೇ ಬಹುಕಾಲ ಚಾಲ್ತಿಯಲ್ಲಿತ್ತು. 1970ರ ದಶಕದಲ್ಲಿ ಚೀನಾದ ವಿಜ್ಞಾನಿಗಳು ಎರಡು ಹಂತದ ಹುದುಗುವಿಕೆಯ ವಿಧಾನ ಕಂಡುಕೊಂಡ ಮೇಲೆ ವೆಚ್ಚ ಇಳಿದು, ಉತ್ಪಾದನೆಯ ಬಹುಪಾಲು ಅಲ್ಲಿಗೇ ಸರಿಯಿತು. ಕೆಲವೇ ಕಾರ್ಖಾನೆಗಳ ಕೈಯಲ್ಲಿರುವ ಮಾಲಿನ ಬೆಲೆ ಹೇಗೆ ಏರಿಳಿಯುತ್ತದೆ ಎಂಬುದಕ್ಕೆ, ಬೆಲೆ ಒಪ್ಪಂದದ ಆರೋಪದ ಮೇಲೆ ಚೀನಾದ ತಯಾರಕರ ವಿರುದ್ಧ 2005ರಲ್ಲಿ ಹೂಡಿದ ದಾವೆ 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದದ್ದೇ ಸಾಕ್ಷಿ. ಭಾರತವೂ ಚೀನಾದ ವಿಟಮಿನ್ ಸಿ ಮೇಲೆ ಆ್ಯಂಟಿ-ಡಂಪಿಂಗ್ ಸುಂಕ (ತೀರಾ ಅಗ್ಗವಾಗಿ ಸುರಿಯುವ ಮಾಲಿನ ಮೇಲಿನ ಹೆಚ್ಚುವರಿ ಸುಂಕ) ಹಾಕಿದ್ದುಂಟು. ಹೀಗಾಗಿ ಆರ್ಡರ್ ಕೊಡುವ ದಿನದ ಅಧಿಸೂಚನೆಯನ್ನು ನೋಡದೆ ಲೆಕ್ಕ ಹಾಕಬಾರದು.

ಯಾವ ರೂಪ ಬೇಕು ಎಂಬುದನ್ನೂ ಸ್ಪಷ್ಟವಾಗಿ ಬರೆಯಬೇಕು. ಫುಡ್ ಅಡಿಟಿವ್‌ಗಳ ಅಂತರರಾಷ್ಟ್ರೀಯ ಸಂಖ್ಯಾಪಟ್ಟಿಯಲ್ಲಿ ಐಎನ್‌ಎಸ್ 300 ಎಂದರೆ ಆಸ್ಕಾರ್ಬಿಕ್ ಆಮ್ಲ, 301 ಸೋಡಿಯಂ ಆಸ್ಕಾರ್ಬೇಟ್, 302 ಕ್ಯಾಲ್ಸಿಯಂ ಆಸ್ಕಾರ್ಬೇಟ್. ಹುಳಿ ಬೇಡವಾದಲ್ಲಿ ಲವಣಗಳು ಅನುಕೂಲವೇ ಸರಿ, ಆದರೆ ಅವುಗಳ ತೂಕವೆಲ್ಲ ವಿಟಮಿನ್ ಅಲ್ಲ. ಒಂದು ಗ್ರಾಂ ಸೋಡಿಯಂ ಆಸ್ಕಾರ್ಬೇಟ್‌ನಲ್ಲಿ ಸುಮಾರು 889 ಮಿ.ಗ್ರಾಂ., ಸಾಮಾನ್ಯವಾಗಿ ಸಿಗುವ ಡೈಹೈಡ್ರೇಟ್ ರೂಪದ ಕ್ಯಾಲ್ಸಿಯಂ ಆಸ್ಕಾರ್ಬೇಟ್‌ನಲ್ಲಿ ಸುಮಾರು 826 ಮಿ.ಗ್ರಾಂ. ಮಾತ್ರ ವಿಟಮಿನ್ ಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕ ಪುರುಷರಿಗೆ ದಿನಕ್ಕೆ 80, ಸ್ತ್ರೀಯರಿಗೆ 65 ಮಿ.ಗ್ರಾಂ. ಎಂದು ಶಿಫಾರಸು ಮಾಡಿದೆ. ಆ 80 ಮಿ.ಗ್ರಾಂ. ತುಂಬಲು ಸೋಡಿಯಂ ಲವಣ 90, ಕ್ಯಾಲ್ಸಿಯಂ ಲವಣ ಸುಮಾರು 97 ಮಿ.ಗ್ರಾಂ. ಬೇಕು. ನೇರವಾಗಿ ಮಾತ್ರೆ ಒತ್ತುವವರು ಕೊಳ್ಳುವ ಡಿಸಿ 97 ಹರಳುಗಳಲ್ಲಿ ಶೇ. 97 ಭಾಗ ವಿಟಮಿನ್ ಸಿ, ಉಳಿದ ಶೇ. 3 ಭಾಗ ಬೈಂಡರ್, ಅಂದರೆ ಪುಡಿಯನ್ನು ಹಿಡಿದಿಡುವ ವಸ್ತು. ಅದು ಪಿಷ್ಟವೋ ಬೇರೇನೋ ಎಂದು ಕೇಳಿ ತಿಳಿದು ಪದಾರ್ಥಪಟ್ಟಿಗೆ ಸೇರಿಸಬೇಕು.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ವಿಶ್ಲೇಷಣಾ ಪ್ರಮಾಣಪತ್ರಕ್ಕೆ, ಅಂದರೆ ಎಲ್ಲರೂ ಸಿಒಎ ಎನ್ನುವ ಆ ಒಂದು ಹಾಳೆಗೆ. ಶುದ್ಧತೆ ಶೇ. 99.0ರಿಂದ 100.5, ದ್ಯುತಿ ಭ್ರಮಣ (ದ್ರಾವಣವು ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುವ ಕೋನ) +20.5ರಿಂದ +21.5 ಡಿಗ್ರಿ ಇದೆಯೇ, ಸೀಸದ ಮಿತಿ ನಮೂದಾಗಿದೆಯೇ ಎಂದು ನೋಡುವುದರ ಜೊತೆಗೆ, ಮೂಲೆಯಲ್ಲಿರುವ ಬ್ಯಾಚ್ ಸಂಖ್ಯೆಯನ್ನು ಬೆರಳಿಟ್ಟು ಓದಬೇಕು. ಪೂರೈಕೆದಾರರು ಪೆಟ್ಟಿಗೆಯ ಫೋಟೋ ಕಳಿಸಿದಾಗ ಅದರ ಮೇಲಿನ ಸಂಖ್ಯೆ, ಸಿಒಎ, ಪ್ಯಾಕಿಂಗ್ ಲಿಸ್ಟ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ನನ್ನ ಪರಿಚಯದ ಸಣ್ಣ ಉದ್ಯಮಿಯೊಬ್ಬರ ಸರಕಿನಲ್ಲಿ ಕೊನೆಯ ಒಂದು ಅಕ್ಷರ ಮಾತ್ರ ಬೇರೆಯಾಗಿತ್ತು. ಬೆರಳಚ್ಚಿನ ತಪ್ಪೆಂದು ಪೂರೈಕೆದಾರರಿಂದ ಪತ್ರ ತರಿಸುವಷ್ಟರಲ್ಲಿ ಕಂಟೇನರ್ ಬಾಡಿಗೆ ಸಾಕಷ್ಟು ಬೆಳೆದಿತ್ತು.

ತಯಾರಿಕೆಯ ದಿನಾಂಕವೂ ಅಷ್ಟೇ ಮುಖ್ಯ. 2017ರ ಆಹಾರ ಆಮದು ನಿಯಮಗಳ ಪ್ರಕಾರ, ಆಮದಿನ ಹೊತ್ತಿಗೆ ಬಾಳಿಕೆಯ ಅವಧಿಯಲ್ಲಿ ಶೇ. 60ರಷ್ಟು ಅಥವಾ ಮೂರು ತಿಂಗಳು, ಎರಡರಲ್ಲಿ ಕಡಿಮೆಯಾದುದು ಉಳಿದಿರಲೇಬೇಕು. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಬ್ಯಾಚ್ ಕೊಳ್ಳುವವರು ಹಡಗಿನ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸರಕು ಬಂದರು ತಲುಪುವ ಮುನ್ನವೇ ಬ್ರೋಕರ್ ಐಸ್‌ಗೇಟ್ ಎಂಬ ಕಸ್ಟಮ್ಸ್ ಜಾಲತಾಣದ ಮೂಲಕ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ಘೋಷಣಾಪತ್ರ, ಹಾಕಬೇಕು. ವಿಟಮಿನ್ ಸಿ ಮತ್ತು ಅದರ ಉತ್ಪನ್ನಗಳಿಗೆ ಸುಂಕಪಟ್ಟಿಯಲ್ಲಿರುವ ಶೀರ್ಷಿಕೆ ಸಂಖ್ಯೆ 2936 27 00. ಅದೇ ಮಾಹಿತಿ ಆಹಾರ ಪ್ರಾಧಿಕಾರಕ್ಕೂ ಹೋಗುತ್ತದೆ. ಕಾಗದಪತ್ರ ಪರಿಶೀಲನೆ, ಸರಕಿನ ತಪಾಸಣೆ, ಅಗತ್ಯವೆನಿಸಿದರೆ ಮಾದರಿ ಸಂಗ್ರಹ ಎಂಬ ಕ್ರಮದಲ್ಲಿ ಕೆಲಸ ಸಾಗುತ್ತದೆ. ಮಾದರಿ ತಲುಪಿದ ಐದು ದಿನಗಳಲ್ಲಿ ಪ್ರಯೋಗಾಲಯ ವರದಿ ಕೊಡಬೇಕೆಂಬುದು ನಿಯಮ. ಆಮದುದಾರರ ಹೆಸರು-ವಿಳಾಸ, ಎಫ್‌ಎಸ್‌ಎಸ್‌ಎಐ ಲಾಂಛನ ಮತ್ತು ಲೈಸೆನ್ಸ್ ಸಂಖ್ಯೆಯಂಥ ಲೇಬಲ್ ಕೊರತೆಗಳನ್ನು ಕಸ್ಟಮ್ಸ್ ಬಂಧಿತ ಗೋದಾಮಿನಲ್ಲೇ (ಕಸ್ಟಮ್ಸ್ ಬಿಡುಗಡೆಯಾಗುವವರೆಗೆ ಸರಕು ಇಡುವ ಜಾಗ) ಕಿತ್ತುಬಾರದ ಸ್ಟಿಕ್ಕರ್ ಅಂಟಿಸಿ ಸರಿಪಡಿಸಬಹುದು. ಬ್ಯಾಚ್ ಸಂಖ್ಯೆ ಅಥವಾ ದಿನಾಂಕದ ಕೊರತೆಯನ್ನು ಹಾಗೆ ಮುಚ್ಚಲಾಗದು. ವರದಿ ಪ್ರತಿಕೂಲವಾಗಿ ಬಂದರೆ ರೆಫರಲ್ (ಮೇಲ್ಮನವಿ) ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಕೋರಬಹುದು, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥದ್ದೊಂದು.

ಸರಕು ಕಾರ್ಖಾನೆ ಸೇರಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ತೇವ, ಬೆಳಕು, ತಾಮ್ರ ಮತ್ತು ಕಬ್ಬಿಣದ ಸಂಪರ್ಕ ಈ ಪುಡಿಗೆ ಆಗದು. ಚೀಲ ತೆರೆದ ಕೂಡಲೇ ಸ್ಟೇನ್‌ಲೆಸ್ ಸ್ಟೀಲ್ ಚಮಚದಿಂದ ಸ್ವಲ್ಪ ತೆಗೆದು ಬಿಳಿ ಕಾಗದದ ಮೇಲೆ ಹರಡಿ ನೋಡಬೇಕು. ನಸುಹಳದಿ ಛಾಯೆಯಿದ್ದರೂ ಪರೀಕ್ಷೆ ಪಾಸಾಗಬಹುದು. ಕಂದು ಬಣ್ಣಕ್ಕೆ ತಿರುಗಿದ್ದರೆ ಅಥವಾ ಗಂಟುಕಟ್ಟಿದ್ದರೆ ಆ ಪೆಟ್ಟಿಗೆಯನ್ನು ಬೇರೆ ಇಟ್ಟು, ಮತ್ತೆ ಶುದ್ಧತೆಯ ಪರೀಕ್ಷೆ ಮಾಡಿಸಿದ ಮೇಲೆಯೇ ಮಿಶ್ರಣಕ್ಕೆ ಕೊಡಬೇಕು.