ಬಾಲ್ಯದ ಕಥೆ ಹೇಳುತ್ತಾ ತಗಾಲೊಗ್ ಕಲಿತೆ

ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಕೆಲಸ ಮಾಡೋಕೆ ಅಲ್ಲಿನ ಜನರ ಭಾಷೆ ತಗಾಲೊಗ್ ಬೇಕೇಬೇಕು ಅಂತೇನಿಲ್ಲ. ಆಫೀಸು, ಬ್ಯಾಂಕು, ಆಸ್ಪತ್ರೆ ಎಲ್ಲ ಕಡೆ ಇಂಗ್ಲಿಷ್ ನಡೆಯುತ್ತದೆ. ಆದರೆ ಊಟದ ಹೊತ್ತಿಗೆ ಯಾರಾದರೂ ಮನೆ ಮಾತು, ಮನಸ್ಸಿನ ಮಾತು ತೆಗೆದರೆ ಸಾಕು, ಎಲ್ಲರೂ ತಗಾಲೊಗ್‌ಗೆ ಹೊರಳುತ್ತಾರೆ. ನಾನು ಸುಮ್ನೆ ನಗುತ್ತಾ ಕೂತಿರುತ್ತಿದ್ದೆ.

‘ಮಸಯಾ’ ಅಂದರೆ ಖುಷಿ, ‘ಮಲುಂಗ್ಕೊತ್’ ಅಂದರೆ ಬೇಸರ ಅಂತ ಬಾಯಿಪಾಠ ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಚಿಕ್ಕಂದಿನ ಕಥೆಗಳಿಗೆ ಕೈ ಹಾಕಿದೆ. ಕೇಳೋಕೆ ನಮ್ಮ ಬೀದಿಯ ಸಾರಿಸಾರಿ ಅಂಗಡಿಯವರು ಸಿಕ್ಕರು. ಸೋಪು, ಬಿಡಿ ಶಾಂಪೂ, ಕಾಫಿಪುಡಿ ಎಲ್ಲ ಮಾರುವ ಕಿಟಕಿಯಂಗಡಿ ಅದು. ವಯಸ್ಸಾದ ಆಕೆಯನ್ನು ಬೀದಿಯವರೆಲ್ಲ ‘ನಾನಾಯ್’ ಅನ್ನುತ್ತಾರೆ, ಅಂದರೆ ಅಮ್ಮ. (ಅಪ್ಪ ‘ತಾತಾಯ್’. ತಾತ ಬೇರೆ, ಅವರು ‘ಲೋಲೊ’!)

ಮೊದಲ ಕಥೆ: ‘ನುಂಗ್ ಬಾತ ಪ ಅಕೊ, ನವಲ ಅಕೊ ಸ ಪಿಸ್ತ.’ ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಕಳೆದುಹೋಗಿದ್ದೆ. ಅವರ ಪಿಸ್ತ ಊರಿನ ಸಂತರ ಹಬ್ಬ, ಜನ, ತಿಂಡಿ, ಗದ್ದಲ ಎಲ್ಲ ನಮ್ಮ ಜಾತ್ರೆಯ ಹಾಗೇ. ‘ನತಾಕೊತ್ ಅಕೊ’, ಭಯವಾಯಿತು. ನಾನಾಯ್ ತಕ್ಷಣ ‘ಬಾಕಿತ್?’ ಅಂದರು, ಯಾಕೆ ಅಂತ. ಯಾಕೆ ಅಂದರೆ ‘ಕಸಿ’ ಅಂತ ಶುರು ಮಾಡಿ ಕಾರಣ ಹೇಳಲೇಬೇಕು. ಅಪ್ಪ ಕೊನೆಗೆ ಸಿಕ್ಕರು, ‘ನಗಾಲಿತ್’, ಸಿಟ್ಟು ಮಾಡಿಕೊಂಡರು, ಆಮೇಲೆ ಅತ್ತರು. ಅಳು ಅನ್ನೋ ಜಾಗಕ್ಕೆ ಬಂದಾಗ ನಾನಾಯ್ ತಡೆದರು: ಉಮಿಯಕ್ಕೋ, ನಯಿಯಕ್ಕೋ? ಅತ್ತಿದ್ದಕ್ಕೆ ‘ಉಮಿಯಕ್’. ತಡೆಯಲಾಗದೆ ಅಳು ಬಂದರೆ ‘ನಯಿಯಕ್’. ನಮ್ಮಲ್ಲೂ ‘ಅತ್ತರು’ ಬೇರೆ, ‘ಅಳು ಬಂತು’ ಬೇರೆ ಅಲ್ವಾ. ಅಪ್ಪನಿಗೆ ಬಂದದ್ದು ಅಳು. ಹಾಗಾಗಿ ‘ನಯಿಯಕ್’.

ಅದೇ ಕಥೆಯನ್ನು ಇವತ್ತಿಗೆ ತಂದರೆ ಇನ್ನೊಂದು ರೂಪ ಸಿಗುತ್ತದೆ. ಈಗಲೂ ಜನಜಂಗುಳಿ ಕಂಡರೆ ನನಗೆ ಭಯ: ‘ನತತಾಕೊತ್’. ಮಧ್ಯದ ‘ತ’ ಎರಡು ಸಲ ಬಂದರೆ ಭಯ ಇನ್ನೂ ಮುಗಿದಿಲ್ಲ ಅಂತ ಅರ್ಥ.

ಇದನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತೇನೆ. ತಗಾಲೊಗ್ ಬರೆಯುವ ರೋಮನ್ ಲಿಪಿಯಲ್ಲಿ ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು ಅನ್ನೋದು ಸಾಮಾನ್ಯವಾಗಿ ಕಾಣುವುದಿಲ್ಲ. ‘ಗಾಲಿತ್’ ಅಂದರೆ ಸಿಟ್ಟು, ‘ಗಲಿತ್’ ಅಂದರೆ ಸಿಟ್ಟಾಗಿರುವವರು. ನಮ್ಮ ದೀರ್ಘ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬಂತು.

ಖುಷಿಯ ಕಥೆಗಳಿಂದ ಜಾಸ್ತಿ ಏನೂ ಕಲಿಯಲಿಲ್ಲ. ‘ಮಸಯಾ ಅಕೊ’ ಅಂದಮೇಲೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಹೊಟ್ಟೆಕಿಚ್ಚಿನ ಕಥೆಗಳೇ ವಾಸಿ. ಪಕ್ಕದ ಮನೆ ಹುಡುಗನ ಹೊಸ ಸೈಕಲ್ ನೋಡಿ ಆಗಿದ್ದು ‘ಇಂಗ್ಗಿತ್’. ತಮ್ಮ ಹುಟ್ಟಿ ಅಮ್ಮನ ತೊಡೆ ಕೈತಪ್ಪಿದಾಗ ಆಗಿದ್ದು ‘ಸೆಲೊಸ್’. ಆ ರಾತ್ರಿ ಊಟ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗಿದ್ದೆ, ಅಮ್ಮ ಬಂದು ಕರೆಯಲಿ ಅಂತ. ಅದಕ್ಕೆ ‘ತಂಪೊ’ ಅಂತ ನಾನಾಯ್ ಹೇಳಿಕೊಟ್ಟರು. ಆಮೇಲೆ ಅಮ್ಮ ಕರೆದರಾ ಅಂತ ಕೇಳಿದರು. ಕರೆದರು, ತುಪ್ಪ ಹಾಕಿದ ಅನ್ನ ಕೈಯಲ್ಲಿ ಹಿಡಿದುಕೊಂಡೇ. ಅದನ್ನು ಹೇಳೋಕೆ ಇನ್ನೂ ನಾಲ್ಕು ಹೊಸ ಪದ ಬೇಕಾಯಿತು.