ಭಾರಿ ಟ್ರಕ್ಕಿನ ಗೇರು ಬದಲಿಸಲು ಕಲಿಯುವುದು ಹೇಗೆ?

ಕಾರು ಓಡಿಸಿ ಕೈ ಪಳಗಿದವರೂ ಭಾರಿ ಟ್ರಕ್ಕಿನ ಗೇರು ಲಿವರ್ ಹಿಡಿದ ಮೊದಲ ದಿನಗಳಲ್ಲಿ ಕೇಳುವುದು ಹಲ್ಲುಗಳು ಒಂದಕ್ಕೊಂದು ಉಜ್ಜುವ ಕರ್ಕಶ ಸದ್ದನ್ನೇ. ಕಾರಿನಲ್ಲಿ ಕ್ಲಚ್ ಒತ್ತಿ ಲಿವರ್ ತಳ್ಳಿದರೆ ಸಾಕು, ಗೇರು ತಾನಾಗಿ ಕೂರುತ್ತದೆ. ಏಕೆಂದರೆ ಗೇರುಪೆಟ್ಟಿಗೆಯೊಳಗಿನ ಸಿಂಕ್ರೊಮೆಶ್ ಎಂಬ ವ್ಯವಸ್ಥೆ, ಸೇರಬೇಕಾದ ಎರಡು ಭಾಗಗಳ ವೇಗವನ್ನು ಮೊದಲು ಸರಿಸಮ ಮಾಡಿಕೊಡುತ್ತದೆ. 1928ರಲ್ಲಿ ಕ್ಯಾಡಿಲಾಕ್ ಕಾರುಗಳ ಮೂಲಕ ಬಳಕೆಗೆ ಬಂದ ಈ ಸೌಲಭ್ಯ ಇಂದು ಕಾರುಗಳಲ್ಲಿ ಸರ್ವಸಾಮಾನ್ಯ. ಆದರೆ ಹೆಚ್ಚು ಭಾರ ಎಳೆಯುವ ಟ್ರಕ್ಕುಗಳ ಅನೇಕ ಗೇರುಪೆಟ್ಟಿಗೆಗಳಲ್ಲಿ, ಮುಖ್ಯವಾಗಿ ಉತ್ತರ ಅಮೆರಿಕದ ಹೆದ್ದಾರಿ ಟ್ರಕ್ಕುಗಳಲ್ಲಿ, ಮುಖ್ಯ ಗೇರುಗಳಿಗೆ ಈ ಸೌಲಭ್ಯವಿಲ್ಲ. ಅಲ್ಲಿ ವೇಗ ಹೊಂದಿಸುವ ಕೆಲಸ ಚಾಲಕನದೇ.

ಆದ್ದರಿಂದ ಕಲಿಯಲು ಕೂರುವ ಮೊದಲು ತರಬೇತುದಾರರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಈ ಟ್ರಕ್ಕಿನ ಗೇರುಪೆಟ್ಟಿಗೆ ಸಿಂಕ್ರೊ ಇರುವಂಥದ್ದೇ, ಇಲ್ಲದ್ದೇ ಎಂಬುದು. ಸಿಂಕ್ರೊ ಇದ್ದರೆ ಕ್ಲಚ್ ಪೆಡಲನ್ನು ಪೂರ್ತಿ ಒತ್ತಿ, ಲಿವರನ್ನು ಒಂದೇ ಹದದಲ್ಲಿ ಒತ್ತಿ ಹಿಡಿದು, ಅದು ತಾನಾಗಿ ಒಳಸರಿಯುವವರೆಗೆ ಕಾಯಬೇಕು. ಇಲ್ಲದಿದ್ದರೆ ಮುಂದೆ ವಿವರಿಸುವ ಡಬಲ್ ಕ್ಲಚ್ ವಿಧಾನವನ್ನು ಕಲಿಯಲೇಬೇಕು.

ಒಳಗೆ ನಡೆಯುವುದೇನು?

ಈ ಭಾಗವನ್ನು ಬಿಟ್ಟು ನೇರವಾಗಿ ಅಭ್ಯಾಸಕ್ಕೆ ಹೋಗುವವರೇ ಹೆಚ್ಚು. ಗೇರಿನೊಂದಿಗೆ ಹೆಚ್ಚು ದಿನ ಗುದ್ದಾಡುವವರೂ ಅವರೇ ಎಂಬುದು ನನ್ನ ಖಚಿತ ಅಭಿಪ್ರಾಯ. ಗೇರುಪೆಟ್ಟಿಗೆಯಲ್ಲಿ ಎರಡು ಬಗೆಯ ತಿರುಗುವಿಕೆ ಇದೆ. ಒಂದು ಬದಿಯ ಗೇರುಗಳು ಕ್ಲಚ್ಚಿನ ಮೂಲಕ ಎಂಜಿನ್ನಿಗೆ ಸೇರಿದ್ದು, ಎಂಜಿನ್ನಿನ ವೇಗವನ್ನು ಅನುಸರಿಸುತ್ತವೆ. ಇನ್ನೊಂದು ಬದಿಯ ಮುಖ್ಯ ಶಾಫ್ಟು ಚಕ್ರಗಳಿಗೆ ಸೇರಿದ್ದು, ಟ್ರಕ್ಕು ಚಲಿಸುತ್ತಿರುವಷ್ಟು ಹೊತ್ತೂ ಟ್ರಕ್ಕಿನ ವೇಗಕ್ಕೆ ತಕ್ಕಂತೆ ತಿರುಗುತ್ತಲೇ ಇರುತ್ತದೆ. ಇವೆರಡರ ವೇಗ ಹೊಂದಿದ ಕ್ಷಣದಲ್ಲಿ ಗೇರು ಎರಡು ಬೆರಳ ಒತ್ತಡಕ್ಕೆ ಒಳಗೆ ಜಾರುತ್ತದೆ. ಹೊಂದದಿದ್ದರೆ ಎಷ್ಟು ಬಲ ಹಾಕಿದರೂ ಹಲ್ಲುಗಳು ಸವೆಯುತ್ತವೆಯೇ ಹೊರತು ಗೇರು ಕೂರುವುದಿಲ್ಲ. ಇಬ್ಬರು ತಿರುಗಿಸುತ್ತಿರುವ ಹಗ್ಗದೊಳಕ್ಕೆ ಜಿಗಿಯುವ ಮಗು ಹಗ್ಗದ ಲಯ ನೋಡಿಕೊಂಡು ಕಾಲಿಡುವ ಹಾಗೆ, ಇಲ್ಲಿಯೂ ಕ್ಷಣ ಗುರುತಿಸುವುದೇ ಕೌಶಲ.

ಆ ಕ್ಷಣ ಎಲ್ಲಿ ಸಿಗುತ್ತದೆ ಎಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಹತ್ತು ಗೇರುಗಳ ಪೆಟ್ಟಿಗೆಯಲ್ಲಿ ಒಂದು ಗೇರಿಗೂ ಮುಂದಿನದಕ್ಕೂ ನಡುವಿನ ಅನುಪಾತ ಸುಮಾರು 1.35ರಷ್ಟಿರುತ್ತದೆ. 1500 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿರುವಾಗ, ಒಂದು ಗೇರು ಬಿಟ್ಟರೆ, ಟ್ರಕ್ಕಿನ ಅದೇ ವೇಗಕ್ಕೆ ಮುಂದಿನ ಗೇರು ಬೇಡುವುದು ಸುಮಾರು 1100. ಭಾರಿ ಡೀಸೆಲ್ ಎಂಜಿನ್ ಆಕ್ಸಿಲರೇಟರ್ ಒತ್ತದಿರುವಾಗ ಸುಮಾರು 600ರಿಂದ 700ರಲ್ಲಿ ಐಡಲ್ ಆಗಿ ತಿರುಗುತ್ತಿದ್ದು, 2100ರ ಆಸುಪಾಸಿನಲ್ಲಿ ಮಿತಿ ಮುಟ್ಟುತ್ತದೆ. ಕೆಲಸಕ್ಕೆ ಬರುವ ವ್ಯಾಪ್ತಿ ಇಷ್ಟು ಕಿರಿದಾಗಿರುವುದರಿಂದಲೇ ಇಷ್ಟೊಂದು ಗೇರುಗಳು ಬೇಕಾಗುತ್ತವೆ.

ಎಂಜಿನ್ ಆಫ್ ಮಾಡಿ ಆರಂಭಿಸಿ

ಗಾಡಿ ನಿಂತಿರುವಾಗ, ಪಾರ್ಕಿಂಗ್ ಬ್ರೇಕ್ ಹಾಕಿ, ಲಿವರಿನ ದಾರಿಗಳನ್ನು ಕೈಗೆ ರೂಢಿ ಮಾಡಿಕೊಳ್ಳಿ. ಯಾವ ಗೇರು ಎಲ್ಲಿದೆ ಎಂಬ ನಕ್ಷೆ ಲಿವರಿನ ಗುಂಡಿಯ ಮೇಲೋ ಡ್ಯಾಶ್‌ಬೋರ್ಡಿನಲ್ಲೋ ಇರುತ್ತದೆ. ಒಂದೊಂದು ಪೆಟ್ಟಿಗೆಯದು ಒಂದೊಂದು ಬಗೆ. ಕಣ್ಣು ರಸ್ತೆಯ ಕಡೆಗಿಟ್ಟುಕೊಂಡೇ ಪ್ರತಿ ಗೇರನ್ನೂ ಹುಡುಕುವಷ್ಟು ಅಭ್ಯಾಸವಾಗಲಿ.

ಬಳಿಕ ಕ್ಲಚ್ ಪೆಡಲಿಗೆ ಗಮನ ಕೊಡಿ. ಅದರ ಚಲನೆಯಲ್ಲಿ ಮೂರು ಹಂತಗಳಿವೆ. ಮೇಲಿನ ಒಂದೆರಡು ಅಂಗುಲ ಏನೂ ಆಗದ ಸಡಿಲು. ನಡುವಿನ ಭಾಗದಲ್ಲಿ ಕ್ಲಚ್ ಬಿಡುತ್ತದೆ ಮತ್ತು ಹಿಡಿಯುತ್ತದೆ. ಸಿಂಕ್ರೊ ಇಲ್ಲದ ಬಹುತೇಕ ಗಾಡಿಗಳಲ್ಲಿ ನೆಲದ ಸಮೀಪದ ಕೊನೆಯ ಅಂಗುಲದಲ್ಲಿ ಕ್ಲಚ್ ಬ್ರೇಕ್ ಎಂಬುದು ಕೆಲಸ ಮಾಡುತ್ತದೆ. ನಿಂತ ಗಾಡಿಯಲ್ಲಿ ಮೊದಲ ಗೇರು ಅಥವಾ ರಿವರ್ಸ್ ಹಾಕುವಾಗ, ಒಳಗೆ ಇನ್ನೂ ತಿರುಗುತ್ತಿರುವ ಗೇರುಗಳನ್ನು ಹಿಡಿದು ನಿಲ್ಲಿಸುವುದಕ್ಕಷ್ಟೇ ಅದು ಇರುವುದು. ಓಡುವ ಗಾಡಿಯಲ್ಲಿ ಪೆಡಲನ್ನು ನೆಲಕ್ಕೆ ಮುಟ್ಟಿಸಿದರೆ ಆ ಪುಟ್ಟ ಬ್ರೇಕು ಇಡೀ ಟ್ರಕ್ಕಿನ ಚಲನೆಯ ವಿರುದ್ಧ ಹೋರಾಡಿ ಬೇಗ ಸವೆಯುತ್ತದೆ, ಗೇರು ಬಿಡಿಸುವುದೂ ಕಷ್ಟವಾಗುತ್ತದೆ. ಕಾರಿನಲ್ಲಿ ಪೆಡಲನ್ನು ಪೂರ್ತಿ ಒತ್ತಿ ಅಭ್ಯಾಸವಾದ ಕಾಲಿಗೆ ಈ ಪಾಠ ಕಲಿಸುವುದು ಸುಲಭವಲ್ಲ. ಹಾಗಾಗಿ ಎಷ್ಟು ಒತ್ತಿದರೆ ಕ್ಲಚ್ ಬಿಡುತ್ತದೆ ಎಂಬುದನ್ನು ನಿಂತಲ್ಲೇ ಮತ್ತೆ ಮತ್ತೆ ಒತ್ತಿ ತಿಳಿದುಕೊಳ್ಳಿ.

ಗಾಡಿ ಹೊರಡಿಸುವುದು

ಪೆಡಲನ್ನು ನೆಲದವರೆಗೆ ಒತ್ತಿ, ಕೆಳಗಿನ ಗೇರೊಂದನ್ನು ಹಾಕಿ, ಆಕ್ಸಿಲರೇಟರ್ ಮುಟ್ಟದೆ ನಿಧಾನವಾಗಿ ಕ್ಲಚ್ ಬಿಡಿ. ಸಮತಟ್ಟಾದ ನೆಲದಲ್ಲಿ ಎಂಜಿನ್ ಐಡಲ್ ವೇಗದಲ್ಲೇ ಟ್ರಕ್ಕನ್ನು ಎಳೆದುಕೊಂಡು ಹೊರಡಬೇಕು. ಹೊರಡಲು ತಿಣುಕಿದರೆ ನೀವು ಆರಿಸಿದ ಗೇರು ಆ ಭಾರಕ್ಕೆ ಮೇಲಿನದಾಯಿತು ಎಂದು ಅರ್ಥ. ಎಂಜಿನ್ ವೇಗ ಏರಿಸಿ ಅರ್ಧ ಕ್ಲಚ್ಚಿನಲ್ಲಿ ಎಳೆಸಿದರೆ ಕ್ಲಚ್ ಸುಡುತ್ತದೆ. ಏರಿನಲ್ಲಾದರೆ ಪಾರ್ಕಿಂಗ್ ಬ್ರೇಕಿನಲ್ಲಿ ಹಿಡಿದು, ಕ್ಲಚ್ ಹಿಡಿಯತೊಡಗಿದ್ದು ಅನುಭವಕ್ಕೆ ಬಂದ ಮೇಲೆ ಬ್ರೇಕ್ ಬಿಡಬೇಕು.

ಮೇಲಿನ ಗೇರಿಗೆ

ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಲೇ ಕ್ಲಚ್ಚನ್ನು ಅರ್ಧದವರೆಗೆ ಒತ್ತಿ ಲಿವರನ್ನು ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಬಿಡಿ. ಎಂಜಿನ್ ವೇಗ ಇಳಿಯಲಿ. ಬೇಕಾದ ಅಂಕಿಗೆ ಇಳಿದಾಗ ಮತ್ತೆ ಕ್ಲಚ್ ಒತ್ತಿ, ಲಿವರನ್ನು ಮುಂದಿನ ಗೇರಿಗೆ ಜಾರಿಸಿ, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಕೊಡಿ. ಇದೇ ಡಬಲ್ ಕ್ಲಚ್.

ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಡುವುದು ಯಾಕೆ ಎಂಬ ಪ್ರಶ್ನೆ ಕಲಿಯುವವರಿಗೆಲ್ಲ ಬರುತ್ತದೆ. ಕ್ಲಚ್ ಒತ್ತಿಕೊಂಡೇ ಇದ್ದರೆ ಗೇರುಗಳು ಎಂಜಿನ್ನಿನ ಸಂಪರ್ಕ ತಪ್ಪಿ ತಮ್ಮಷ್ಟಕ್ಕೆ ತಿರುಗುತ್ತವೆ, ಅವುಗಳ ವೇಗ ಎಷ್ಟೆಂದು ನಮಗೆ ತಿಳಿಯುವುದಿಲ್ಲ. ಕ್ಲಚ್ ಬಿಟ್ಟಾಗ ಎಂಜಿನ್ನೂ ಗೇರುಗಳೂ ಮತ್ತೆ ಒಂದಾಗುವುದರಿಂದ, ಎಂಜಿನ್ ವೇಗ ತೋರಿಸುವ ಟ್ಯಾಕೋಮೀಟರಿನ ಅಂಕಿಯೇ ಗೇರುಗಳ ವೇಗಕ್ಕೂ ಅಳತೆಯಾಗುತ್ತದೆ.

ಅವಸರಪಟ್ಟು ಬೇಗ ತಳ್ಳಿದರೆ ಸದ್ದು, ಬಹಳ ತಡ ಮಾಡಿದರೂ ಸದ್ದು. ಏರುಹಾದಿಯಲ್ಲಿ ನ್ಯೂಟ್ರಲ್‌ನಲ್ಲಿರುವಷ್ಟು ಹೊತ್ತೂ ಟ್ರಕ್ಕು ನಿಧಾನವಾಗುತ್ತದೆ. ಮುಂದಿನ ಗೇರು ಬೇಡುವ ಆರ್‌ಪಿಎಂ ಕೂಡ ಕೆಳಗೆ ಸರಿಯುತ್ತಾ ಹೋಗುತ್ತದೆ. ಅಲ್ಲಿ ಚುರುಕಾಗಿ ಬದಲಿಸಬೇಕು, ಇಲ್ಲವೇ ಇದ್ದ ಗೇರಿನಲ್ಲೇ ಮುಂದುವರಿಯಬೇಕು. ಕೆಳಗಿನ ಗೇರುಗಳಲ್ಲಿ ಎಂಜಿನ್ನನ್ನು ಪೂರ್ತಿ ಏರಿಸುವ ಅಗತ್ಯವೂ ಇಲ್ಲ; ಟ್ರಕ್ಕು ಹೊರಡುವಾಗ ಕಡಿಮೆ ಆರ್‌ಪಿಎಂನಲ್ಲೇ ಬದಲಿಸಿ, ವೇಗ ಹೆಚ್ಚಿದಂತೆ ಆ ಮಿತಿಯನ್ನೂ ಏರಿಸುತ್ತಾ ಹೋದರೆ ಇಂಧನ ಉಳಿಯುತ್ತದೆ.

ಕೆಳಗಿನ ಗೇರಿಗೆ

ನಿಜವಾದ ಪರೀಕ್ಷೆ ಇಲ್ಲಿದೆ. ಮೇಲಕ್ಕೆ ಹೋಗುವಾಗ ಎಂಜಿನ್ ವೇಗ ತಾನಾಗಿ ಇಳಿಯುತ್ತದೆ, ನಾವು ಕಾದರೆ ಸಾಕು. ಕೆಳಗಿಳಿಯುವಾಗ ಅದನ್ನು ನಾವೇ ಏರಿಸಬೇಕು. 1100ರಲ್ಲಿ ಎಂಟನೇ ಗೇರು ಬಿಟ್ಟರೆ ಏಳನೆಯದು ಬೇಡುವುದು ಸುಮಾರು 1500. ಆದ್ದರಿಂದ ಮೊದಲು ಬ್ರೇಕಿನಿಂದ ವೇಗ ತಗ್ಗಿಸಿ, ಟ್ಯಾಕೋಮೀಟರ್ 1100ರ ಸುತ್ತ ಬಂದಾಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಬಿಟ್ಟು ಆಕ್ಸಿಲರೇಟರ್ ತುಳಿದು 1500ಕ್ಕೆ ಏರಿಸಿ. ಮತ್ತೆ ಕ್ಲಚ್ ಒತ್ತಿ ಗೇರು ಹಾಕಿ. ಕಲಿಯುವ ದಿನಗಳಲ್ಲಿ ಬ್ರೇಕ್ ಹಾಕುವುದನ್ನೂ ಗೇರು ಬದಲಿಸುವುದನ್ನೂ ಒಟ್ಟಿಗೆ ಮಾಡಲು ಹೋಗಬೇಡಿ.

ಹೊಸಬರು ವೇಗ ಇಳಿಯುವ ಮೊದಲೇ ಗೇರು ಬಿಡಿಸಿಬಿಡುತ್ತಾರೆ. 1700ರಲ್ಲಿ ಬಿಡಿಸಿದರೆ ಕೆಳಗಿನ ಗೇರಿಗೆ ಬೇಕಾಗುವುದು ಸುಮಾರು 2300. ಎಂಜಿನ್ನಿನ ಮಿತಿಯೇ 2100 ಆಗಿರುವಾಗ ಆ ಗೇರು ಯಾವ ಉಪಾಯಕ್ಕೂ ಒಳಗೆ ಹೋಗುವುದಿಲ್ಲ. ಈ ಒಂದು ಲೆಕ್ಕ ಮನಸ್ಸಿನಲ್ಲಿ ನಿಂತರೆ, ಇಳಿಜಾರಿನಲ್ಲಿ ಗಾಡಿ ಕೈತಪ್ಪುವ ಅಪಾಯಕ್ಕೆ ಕಾರಣವೇನು ಎಂಬುದೂ ಅರ್ಥವಾಗುತ್ತದೆ. ಇಳಿಜಾರು ಹತ್ತಿರವಾಗುವ ಮೊದಲೇ ತಕ್ಕ ಗೇರು ಹಾಕಿಕೊಳ್ಳಬೇಕು, ಇಳಿಯುತ್ತಾ ಬದಲಿಸಬಾರದು ಎಂಬ ನಿಯಮಕ್ಕೆ ವಿನಾಯಿತಿ ಇಲ್ಲ. ಇಳಿಜಾರಿನ ನಡುವೆ ನ್ಯೂಟ್ರಲ್‌ಗೆ ಬಂದ ಟ್ರಕ್ಕು ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋಗುತ್ತದೆ, ಯಾವ ಗೇರೂ ಕೂರುವುದಿಲ್ಲ, ಎಂಜಿನ್ನಿನ ತಡೆ ಇಲ್ಲದೆ ಇಡೀ ಭಾರ ಬ್ರೇಕುಗಳ ಮೇಲೆ ಬೀಳುತ್ತದೆ, ಮತ್ತು ಅತಿಯಾಗಿ ಕಾದ ಬ್ರೇಕು ಹಿಡಿಯುವುದನ್ನು ಬಿಡುತ್ತದೆ. ಸರಿಯಾದ ಗೇರಿನಲ್ಲಿದ್ದಾಗಲೂ ಬ್ರೇಕನ್ನು ಸತತವಾಗಿ ತುಳಿದಿಡದೆ, ಸುರಕ್ಷಿತ ವೇಗ ಮುಟ್ಟಿದಾಗ ಅದಕ್ಕಿಂತ ಗಂಟೆಗೆ ಸುಮಾರು 8 ಕಿಲೋಮೀಟರ್ ಕಡಿಮೆಯಾಗುವವರೆಗೆ ಒತ್ತಿ, ಬಿಟ್ಟು, ವೇಗ ಮತ್ತೆ ಏರಿದಾಗ ಅದನ್ನೇ ಪುನರಾವರ್ತಿಸಬೇಕು.

ರೇಂಜ್ ಮತ್ತು ಸ್ಪ್ಲಿಟರ್

ಹತ್ತು ಗೇರುಗಳಿಗೆ ಹತ್ತು ಸ್ಥಾನಗಳಿರುವುದಿಲ್ಲ. ಐದೇ ಸ್ಥಾನಗಳನ್ನು ಎರಡು ಸುತ್ತು ಬಳಸಲಾಗುತ್ತದೆ. ಮೊದಲ ಸುತ್ತಿನಿಂದ ಎರಡನೆಯದಕ್ಕೆ ಒಯ್ಯುವುದು ಲಿವರಿನ ಮೇಲಿರುವ ರೇಂಜ್ ಸ್ವಿಚ್. ಐದರಿಂದ ಆರಕ್ಕೆ ಹೋಗುವಾಗ, ಐದನೇ ಗೇರಿನಲ್ಲಿರುವಾಗಲೇ ಸ್ವಿಚ್ಚನ್ನು ಮೇಲಕ್ಕೆತ್ತಿ, ನಂತರ ಎಂದಿನಂತೆ ಬದಲಿಸಬೇಕು. ಲಿವರು ನ್ಯೂಟ್ರಲ್ ದಾಟುವಾಗ ಗಾಳಿಯ ಒತ್ತಡ ಒಳಗಿನ ರೇಂಜನ್ನು ತಾನೇ ಬದಲಿಸುತ್ತದೆ. ಆರರಿಂದ ಐದಕ್ಕೆ ಇಳಿಯುವಾಗಲೂ ಹೀಗೆಯೇ ಮುಂಚಿತವಾಗಿ ಸ್ವಿಚ್ಚನ್ನು ಕೆಳಗಿಳಿಸಿ. ವೇಗವಾಗಿ ಓಡುತ್ತಿರುವಾಗ ಕೆಳಗಿನ ರೇಂಜಿಗೆ ಹಾಕಿದರೆ ಆ ಭಾಗದ ಸಿಂಕ್ರೊ ಹಾಳಾಗುತ್ತದೆ; ಮುಖ್ಯ ಗೇರುಗಳಿಗೆ ಸಿಂಕ್ರೊ ಇಲ್ಲದ ಪೆಟ್ಟಿಗೆಯಲ್ಲಿಯೂ ರೇಂಜಿಗೆ ಅದು ಇರುತ್ತದೆ.

ಹದಿಮೂರು, ಹದಿನೆಂಟು ಗೇರುಗಳ ಪೆಟ್ಟಿಗೆಗಳಲ್ಲಿ ಸ್ಪ್ಲಿಟರ್ ಗುಂಡಿಯೂ ಇದೆ. ಒಂದು ಗೇರನ್ನು ಎರಡಾಗಿ ಒಡೆಯುವ ಅದನ್ನು, ರೇಂಜ್ ಬದಲಾವಣೆ ಪಕ್ಕಾ ಆದ ಮೇಲೆ ಕಲಿತರೆ ಸಾಕು.

ಗೇರು ತಪ್ಪಿದಾಗ

ಕಲಿಯುವ ಕಾಲದಲ್ಲಿ ಇದು ಆಗಿಯೇ ಆಗುತ್ತದೆ, ಗಾಬರಿ ಬೇಡ. ಲಿವರನ್ನು ಒತ್ತಿ ತಿಕ್ಕುವುದನ್ನು ತಕ್ಷಣ ನಿಲ್ಲಿಸಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಕಣ್ಣು ರಸ್ತೆಯ ಮೇಲಿಟ್ಟು ಯೋಚಿಸಿ. ಟ್ರಕ್ಕಿನ ವೇಗ ಈಗ ಎಷ್ಟು, ಆ ವೇಗಕ್ಕೆ ಯಾವ ಗೇರು ಸರಿ? ನೀವು ಹಾಕಲು ಹೊರಟಿದ್ದ ಗೇರಿಗೆ ಬೇಕಾದ ವೇಗ ಅಷ್ಟರಲ್ಲಿ ಉಳಿದಿಲ್ಲದಿರಬಹುದು, ಆಗ ಅದಕ್ಕಿಂತ ಒಂದು ಕೆಳಗಿನದನ್ನು ಆರಿಸಿ. ಎಂಜಿನ್ನನ್ನು ಅದಕ್ಕೆ ತಕ್ಕ ಆರ್‌ಪಿಎಂಗೆ ತಂದು, ಕ್ಲಚ್ ಒತ್ತಿ, ಹಗುರ ಕೈಯಿಂದ ಜಾರಿಸಿ. ಎರಡನೇ ಪ್ರಯತ್ನಕ್ಕೂ ಕೂರದಿದ್ದರೆ ನ್ಯೂಟ್ರಲ್‌ನಲ್ಲಿ ಉರುಳುತ್ತಾ ಮುಂದುವರಿಯಬೇಡಿ. ಅಪಾಯ ಸೂಚಕ ದೀಪಗಳನ್ನು ಹಾಕಿ, ಬ್ರೇಕಿನಿಂದ ನಿಧಾನಿಸಿ, ರಸ್ತೆಯ ಅಂಚಿನಲ್ಲಿ ಸುರಕ್ಷಿತವಾಗಿ ನಿಲ್ಲಿಸಿ, ಹೊರಡುವ ಗೇರಿನಿಂದ ಮತ್ತೆ ಆರಂಭಿಸಿ.