ಉಗ್ಗಿನ ಸಂಶೋಧನೆಗೆ ಹೆಸರು ಕೊಡ್ತೀರಾ? ಸಹಿ ಹಾಕುವ ಮುಂಚೆ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ, ಸಂಶೋಧನೆಗೆ ಹೋಗುವುದು ಅಂದರೆ ಉಗ್ಗು ವಾಸಿ ಮಾಡಿಸಿಕೊಳ್ಳಲು ಹೋಗುವುದಲ್ಲ. ಕೆಲವು ಅಧ್ಯಯನಗಳಲ್ಲಿ ಥೆರಪಿ ಸಿಗುತ್ತದೆ. ಇನ್ನು ಕೆಲವದರಲ್ಲಿ ನಿಮ್ಮ ಮಾತು ರೆಕಾರ್ಡ್ ಮಾಡಿಕೊಂಡು, ನಾಲ್ಕು ಹಾಳೆ ಪ್ರಶ್ನೆಗೆ ಉತ್ತರ ಬರೆಸಿಕೊಂಡು ಕಳಿಸುತ್ತಾರೆ, ಅಷ್ಟೇ. ಯಾವುದಕ್ಕೆ ಹೋಗುತ್ತಿದ್ದೇವೆ ಅಂತ ತಿಳಿಯದೆ ಕಲಬುರಗಿಯಲ್ಲಿ ಬಸವ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿನ ತನಕ ಹೋದರೆ ಬೇಜಾರಾಗುವುದು ಖಂಡಿತ.

ಮೈಸೂರು ಯಾಕೆ ಅಂದರೆ, ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕನ್ನಡ ಮಾತಾಡುವವರ ಉಗ್ಗಿನ ಮೇಲೆ ಅಲ್ಲಿ ತುಂಬಾ ಕೆಲಸ ನಡೆದಿದೆ. ಬೀದರ್‌ನವರಿಗೆ ಹೈದರಾಬಾದ್ ಕಡೆ ಹತ್ತಿರ. ಸಿಕಂದರಾಬಾದ್‌ನಲ್ಲಿ ಮಾತು, ಕಿವಿಯ ತೊಂದರೆಗಳಿಗೇ ಇರುವ ಅಲಿ ಯಾವರ್ ಜಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಹೊರಡುವ ಮುಂಚೆ ಕೇಳಿ: ಈಗ ಯಾವ ಅಧ್ಯಯನ ನಡೆಯುತ್ತಿದೆ, ಯಾವ ವಯಸ್ಸಿನವರು ಬೇಕು, ಮನೆಯಿಂದಲೇ ಆನ್‌ಲೈನ್‌ನಲ್ಲಿ ಆಗುತ್ತದಾ. ಫೋನೇ ದೊಡ್ಡ ತಲೆನೋವು ಅನ್ನುವವರು ಇಮೇಲ್ ಮಾಡಿ. ಉಗ್ಗಿಲ್ಲದ ಅಣ್ಣತಮ್ಮಂದಿರೂ ಹೋಲಿಕೆಗೆ ಬೇಕಾಗುತ್ತಾರೆ, ಅದನ್ನೂ ಕೇಳಿಡಿ.

ಚಿಕಿತ್ಸೆ ಪರೀಕ್ಷಿಸುವ ಅಧ್ಯಯನವಾದರೆ ಸಿಟಿಆರ್‌ಐ ವೆಬ್‌ಸೈಟ್‌ನಲ್ಲಿ ಅದರ ನೋಂದಣಿ ಹುಡುಕಿ. ಇಂಥ ಅಧ್ಯಯನಗಳನ್ನು ನೋಂದಾಯಿಸುವ, 2007ರಲ್ಲಿ ಶುರುವಾದ ಸರ್ಕಾರಿ ಪಟ್ಟಿ ಅದು, ಯಾರು ಬೇಕಾದರೂ ನೋಡಬಹುದು. ಬರೀ ಪ್ರಶ್ನೆಪತ್ರಿಕೆಯ ಅಧ್ಯಯನ ಅಲ್ಲಿ ಇಲ್ಲದಿದ್ದರೆ ಗಾಬರಿ ಬೇಡ. ಆದರೆ ನೈತಿಕ ಸಮಿತಿಯ, ಅಂದರೆ ಭಾಗವಹಿಸುವವರಿಗೆ ಅನ್ಯಾಯವಾಗದಂತೆ ಅಧ್ಯಯನವನ್ನು ಮೊದಲೇ ಪರಿಶೀಲಿಸುವ ಸಮಿತಿಯ, ಒಪ್ಪಿಗೆ ಇದೆಯಾ ಅಂತ ಕೇಳಲೇಬೇಕು. ಸಂಶೋಧನೆಯ ಹೆಸರಲ್ಲಿ ನಿಮ್ಮಿಂದಲೇ ದುಡ್ಡು ಕೇಳಿದರೆ, ಅಥವಾ ಹದಿನೈದು ದಿನದಲ್ಲಿ ಗ್ಯಾರಂಟಿ ಅಂದರೆ, ಎದ್ದು ಬನ್ನಿ.

ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಓದು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು. ಮನೆಗೆ ತಂದು ಹಿರಿಯರಿಗೆ ತೋರಿಸಿ ಆಮೇಲೆ ಸಹಿ ಹಾಕುತ್ತೇನೆ ಅನ್ನಬಹುದು, ಮಧ್ಯದಲ್ಲಿ ಬಿಟ್ಟುಬರಬಹುದು, ಯಾಕೆ ಅಂತ ಹೇಳಬೇಕಾಗಿಯೂ ಇಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಗಮನ ಕೊಡಬೇಕಾದದ್ದು ರೆಕಾರ್ಡಿಂಗ್‌ನ ಸಾಲಿಗೆ. ಹೆಸರು ತೆಗೆದರೂ ದನಿ ಗುರುತು ಸಿಗುತ್ತದೆ, ವಿಡಿಯೋ ಆದರಂತೂ ಮುಖವೇ ಇರುತ್ತದೆ ಅಲ್ವಾ. ಯಾರ ಹತ್ತಿರ ಇರುತ್ತದೆ, ಎಷ್ಟು ವರ್ಷ ಇಡುತ್ತಾರೆ, ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ತೋರಿಸುತ್ತಾರಾ, ನಾನು ಬಿಟ್ಟುಹೋದರೆ ಅಳಿಸುತ್ತಾರಾ? ಅಧ್ಯಯನಕ್ಕೆ ಮಾತ್ರ ಬಳಸಿ, ಪಾಠಕ್ಕೆ ಬೇಡ ಅನ್ನಿಸಿದರೆ ಹಾಗೆಂದು ಬರೆದೇ ಸಹಿ ಹಾಕಿ.

ರೆಕಾರ್ಡಿಂಗ್ ದಿನ ಚೆನ್ನಾಗಿ ಮಾತಾಡಿ ತೋರಿಸಲು ಹೋಗಬೇಡಿ. ಉಗ್ಗುವ ನಮಗೆಲ್ಲ ಅಡ್ಡದಾರಿ ಗೊತ್ತು. ಬಸ್ಸಲ್ಲಿ ಕಂಡಕ್ಟರ್ "ಎಲ್ಲಿಗ್ರೀ?" ಅಂದಾಗ ಕಮಲಾಪುರದ 'ಕ' ಗಂಟಲಲ್ಲೇ ನಿಂತರೆ, ಸಲೀಸಾಗಿ ಬರುವ ಹುಮನಾಬಾದ್ ಹೇಳಿ, ದುಡ್ಡು ಜಾಸ್ತಿ ಕೊಟ್ಟು, ಕಮಲಾಪುರದಲ್ಲೇ ಇಳಿಯುವವರಿದ್ದಾರೆ. ಅಂಥವರ ಮಾತಲ್ಲಿ ಉಗ್ಗು ಎಣಿಸಿದರೆ ಸೊನ್ನೆ ಬರುತ್ತದೆ, ಒಳಗಿನ ಪಾಡು ಯಾರಿಗೂ ಕಾಣುವುದಿಲ್ಲ. ಹಾಗಾಗಿ ಎಲ್ಲಿ ಪದ ಬದಲಾಯಿಸಿದಿರಿ ಅಂತ ಬಾಯಿಬಿಟ್ಟು ಹೇಳಿ. ಓದಲು ಕೊಡುವ ಕನ್ನಡ ಪುಸ್ತಕದ್ದಾಗಿರುತ್ತದೆ. ಅದನ್ನು ಓದುವಾಗ ತಡವರಿಸಿದ್ದು ಉಗ್ಗಿನಿಂದಲೋ ರೂಢಿ ಇಲ್ಲದ್ದಕ್ಕೋ ಅಂತ ಅವರಿಗೆ ಗೊತ್ತಾಗುವುದು ಕಷ್ಟ, ಆದ್ದರಿಂದ ನಮ್ಮ ಕಡೆಯ ಮಾತಿನಲ್ಲೂ ಐದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ ಅನ್ನಿ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ ಉರ್ದು ಆಡುವವರು ಯಾವುದರಲ್ಲಿ ಉಗ್ಗು ಜಾಸ್ತಿ ಅಂತ ತಿಳಿಸಿ. ಆನ್‌ಲೈನ್ ಆದರೆ ಅಷ್ಟು ಹೊತ್ತು ಕೂಲರ್ ಬಂದ್ ಮಾಡಿ. ಮೇ ತಿಂಗಳಲ್ಲಿ ಇದು ಶಿಕ್ಷೆಯೇ, ಆದರೆ ಗರಗರ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ತಲೆಗೆ ಟೊಪ್ಪಿಗೆ ತೊಡಿಸಿ ಮೆದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ಪರೀಕ್ಷೆ ಇದ್ದರೆ ಎಣ್ಣೆ ಹಚ್ಚದೆ ತಲೆ ತೊಳೆದುಕೊಂಡು ಹೋಗಿ.

ಮಕ್ಕಳ ವಿಷಯ ಬೇರೆ. ಉಗ್ಗು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತದೆ, ಹೆಚ್ಚಿನ ಮಕ್ಕಳಿಗೆ ತಾನಾಗೇ ಹೋಗುತ್ತದೆ. ಥೆರಪಿಯಿಂದ ಹೋಯಿತೋ ಸುಮ್ನೆ ಹೋಯಿತೋ ಅಂತ ತಿಳಿಯಬೇಕಲ್ಲ, ಅದಕ್ಕೇ ಒಂದು ಗುಂಪಿಗೆ ಥೆರಪಿ ಕೊಟ್ಟು ಇನ್ನೊಂದನ್ನು ಕಾಯಿಸುತ್ತಾರೆ. ನಿಮ್ಮ ಮಗು ಕಾಯುವ ಗುಂಪಿಗೆ ಬಿದ್ದರೆ ಥೆರಪಿ ಯಾವಾಗ ಸಿಗುತ್ತದೆ ಅಂತ ಮೊದಲೇ ಕೇಳಿ. ಅಜ್ಜಿ ಬಜೆ ತೇದು ನಾಲಿಗೆಗೆ ಹಚ್ಚುತ್ತಿದ್ದರೆ, ಬೇರೆ ಕಡೆ ಥೆರಪಿ ನಡೆಯುತ್ತಿದ್ದರೆ, ಮುಚ್ಚಿಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ 7 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಮಗು ಬೇಡ ಅಂದರೆ ಚಾಕಲೇಟ್ ಕೊಟ್ಟು ಒಪ್ಪಿಸಬೇಡಿ.

ಹೋಗಿಬರುವ ಖರ್ಚು ಕೊಡುತ್ತಾರಾ ಕೇಳಿ, ಟಿಕೆಟ್ ಬಿಸಾಡಬೇಡಿ. ಫಲಿತಾಂಶ ಬಂದಾಗ ಕನ್ನಡದಲ್ಲಿ ಒಂದು ಪುಟ ಕಳಿಸಿ ಅಂತ ಸಹಿ ಹಾಕುವ ದಿನವೇ ನಂಬರ್ ಬರೆದುಕೊಡಿ. ವರ್ಷ ಹಿಡಿದರೂ ಹಿಡಿಯಬಹುದು. ಬರದಿದ್ದರೆ ನೀವೇ ಒಂದು ಮೆಸೇಜ್ ಹಾಕಿ.